ಹಿಮದ ಪೆಟ್ಟಿಗೆ – ಕಂತು ಒಂಬತ್ತು: ಮೂವತ್ತೊಂದು ಡಿಗ್ರಿ

"ಎರಡನೇ ನಿಮಿಷ," ಎಂದಳು ಗ್ಲೆನಿಸ್ ಓಡ್ಲಿಂಗ್, ಗಡಿಯಾರದಿಂದ ಕಣ್ಣು ಕೀಳದೆ.

"ಎರಡನೇ ನಿಮಿಷ," ಎಂದು ಐದು ಗಂಟಲುಗಳು ಒಟ್ಟಿಗೆ ಹೇಳಿದವು. ಅದರಲ್ಲೊಂದು ನನ್ನದು.

ಮೊಣಕೈವರೆಗೆ ಐಸಿನಲ್ಲಿ ಕೈ ಹೂತುಕೊಂಡು ನಿಂತಿದ್ದೆ. ಮಡಚಿ ಒಯ್ಯಬಹುದಾದ ಒಂದು ತೊಟ್ಟಿ, ಅದರೊಳಗೆ ಆಳೆತ್ತರದ ರಬ್ಬರ್ ಗೊಂಬೆ, ಗೊಂಬೆಯ ಎದೆಯ ಮೇಲೆ ಧಡ್ ಧಡ್ ಎಂದು ಒತ್ತುತ್ತಿರುವ ಯಂತ್ರ. ಐಸು ಗ್ರಿಮ್ಸ್‌ಬಿಯ ಮೀನು ಬಂದರಿನದು. ಬೆಳಿಗ್ಗೆ ತಂದದ್ದು, ಮೀನಿನ ವಾಸನೆ ಇನ್ನೂ ಬಿಟ್ಟಿರಲಿಲ್ಲ. ಐವತ್ತೆಂಟು ವರ್ಷದ ನನ್ನ ಸೊಂಟಕ್ಕೆ ಶನಿವಾರದ ಮಧ್ಯಾಹ್ನ ಕಳೆಯುವ ಈ ರೀತಿ ಸ್ವಲ್ಪವೂ ಹಿಡಿಸಿರಲಿಲ್ಲ.

"ಕತ್ತಿನ ಎರಡೂ ಕಡೆ ಹಾಕಿ, ಮೇಡಂ," ಎಂದ ಡೆನ್ಜಿಲ್ ಟಪ್‌ಹೋಮ್. "ಕಾಲಿಗಲ್ಲ. ಕಾಲು ಮುಂದೆ ಹೊಸದು ಕೊಡ್ತಾರೆ. ತಲೆ ಎಲ್ಲಿಂದ ತರ್ತಾರೆ?"

"ನಾನು ಸಹಿ ಹಾಕೋಕೆ ಬಂದವಳು, ಐಸ್ ಹಾಕೋಕಲ್ಲ."

"ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಹಾಕಿ, ಹಾಕಿ."

ಡೆನ್ಜಿಲ್ ಮೂವತ್ತು ವರ್ಷ ಆಂಬ್ಯುಲೆನ್ಸ್‌ನಲ್ಲಿ ದುಡಿದು ನಿವೃತ್ತನಾದವನು. ಸ್ವರ ದೊಡ್ಡದು, ಕೈ ಇನ್ನೂ ದೊಡ್ಡದು. ಎರಡು ವಾರಕ್ಕೊಂದು ಶನಿವಾರ, ಹಿಂದೆ ಮೀನು ಹೊಗೆಯಾಡಿಸುತ್ತಿದ್ದ ಈ ಇಟ್ಟಿಗೆಯ ಕೊಟ್ಟಿಗೆಯಲ್ಲಿ ಸ್ವಯಂಸೇವಕರಿಗೆ ಪಾಠ ಹೇಳುತ್ತಾನೆ. ಸತ್ತ ಕೂಡಲೇ ದೇಹವನ್ನು ತಣ್ಣಗೆ ಮಾಡಿ, ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಟ್ಟು, ಕೊರೆಯುವ ಚಳಿಯಲ್ಲಿಟ್ಟು ಕಾದರೆ ಮುಂದೊಂದು ಕಾಲದ ವೈದ್ಯರು ಎಬ್ಬಿಸುತ್ತಾರೆ ಎಂಬುದು ಇವರ ನಂಬಿಕೆ. ನಾನು ನಂಬುವುದಿಲ್ಲ. ಆದರೆ ನಂಬಿದವರನ್ನು ನೋಡಿ ನಗುತ್ತಿದ್ದವಳು ಈಗ ನಗುವುದನ್ನು ಬಿಟ್ಟಿದ್ದೇನೆ.

ಬಿಟ್ಟದ್ದು ಈ ಹನ್ನೊಂದು ದಿನಗಳಲ್ಲಿ. ಹನ್ನೊಂದು ದಿನದ ಹಿಂದೆ ಇವರದೇ ಗುಂಪಿನ ರೋವೀನಾ ಪ್ಲಾಸ್ಕಿಟ್ ಕ್ಯಾನ್ಸರಿನಿಂದ ಮನೆಯಲ್ಲೇ ಸತ್ತಳು. ಈಗ ಪಕ್ಕದ ಕೋಣೆಯ ಪೆಟ್ಟಿಗೆಯಲ್ಲಿ ಡ್ರೈ ಐಸ್, ಅಂದರೆ ಗಟ್ಟಿಗಟ್ಟಿಸಿದ ಕಾರ್ಬನ್ ಡೈಆಕ್ಸೈಡ್, ಹೊದ್ದು ಮಲಗಿದ್ದಾಳೆ. ಅವಳು ಅಮೆರಿಕದ ಶೀತಾಗಾರಕ್ಕೆ ಹೋಗಬೇಕಾದರೆ ಸಂಶಯದ ಸಾವುಗಳನ್ನು ವಿಚಾರಿಸುವ ಕರೋನರ್ ಒಪ್ಪಬೇಕು. ಕರೋನರ್ ಒಪ್ಪಬೇಕಾದರೆ ಅವರ ತನಿಖಾಧಿಕಾರಿಯಾದ ನಾನು, ಹೆಸ್ಟರ್ ಮಾವರ್, ಒಂದು ಕಾಗದ ಮುಂದಕ್ಕೆ ಕಳಿಸಬೇಕು. ನಾನು ಕಳಿಸಿಲ್ಲ. ಸಾವನ್ನು ಖಚಿತಪಡಿಸಲು ಬಂದ ನರ್ಸ್, ಮಾತಿನ ನಡುವೆ, ಆಕೆಯ ದಿಂಬು ಒದ್ದೆಯಾಗಿತ್ತು ಎಂದಿದ್ದಳು.

"ಮೂರನೇ ನಿಮಿಷ," ಎಂದಳು ಗ್ಲೆನಿಸ್. "ಮೂಗಿನೊಳಗೆ ಮೂವತ್ತಾರು ಪಾಯಿಂಟ್ ನಾಲ್ಕು."

"ಮೂಗಿನೊಳಗೆ ಮೂವತ್ತಾರು ಪಾಯಿಂಟ್ ನಾಲ್ಕು," ಎಂದವು ಗಂಟಲುಗಳು.

ನಾನು ಮಾತ್ರ ಸುಮ್ಮನಿದ್ದೆ. ಗೊಂಬೆಯ ಮೂಗಿನಿಂದ ಹೊರಟ ತಂತಿ ಗೋಡೆಯ ಹಲಗೆಯ ಮೇಲಿದ್ದ ಒಂದು ಕಪ್ಪು ಡಬ್ಬಿಗೆ ಸೇರಿತ್ತು. ಡಬ್ಬಿಯ ಮುಖದಲ್ಲಿ ಕಾಣುತ್ತಿದ್ದದ್ದು ಒಂಬತ್ತು ಡಿಗ್ರಿ. ಫೆಬ್ರವರಿ ತಿಂಗಳಲ್ಲಿ ಆ ಕೊಟ್ಟಿಗೆ ಇದ್ದದ್ದೂ ಅಷ್ಟೇ ಬೆಚ್ಚಗೆ.

"ರಬ್ಬರ್ ಮೂಗಲ್ಲಿ ಮೂವತ್ತಾರು ಎಲ್ಲಿಂದ ಬಂತು?"

ಎಲ್ಲರೂ ನಕ್ಕರು. "ಗೊಂಬೆಗೆಲ್ಲಿ ಮೈ ಬಿಸಿ ಇರುತ್ತೆ, ಮೇಡಂ," ಎಂದ ಡೆನ್ಜಿಲ್. "ಗ್ಲೆನಿಸ್ ಹತ್ರ ಪಾಠದ ಹಾಳೆ ಇದೆ. ಅವಳು ಓದ್ತಾಳೆ, ನಾವು ಹೇಳ್ತೀವಿ. ಬೇರೆ ಯಾರೂ ಡಬ್ಬಿ ನೋಡೋಹಾಗಿಲ್ಲ. ಎಲ್ಲರೂ ಅದರ ಮುಖ ನೋಡ್ತಾ ನಿಂತ್ರೆ ಐಸ್ ಹಾಕೋರು ಯಾರು? ಒಬ್ಬಳು ಡಬ್ಬಿ ನೋಡ್ತಾಳೆ, ಉಳಿದೋರು ಅವಳ ಬಾಯಿ ನೋಡ್ತಾರೆ."

"ಗಿಣಿಪಾಠ."

"ಗಿಣಿಪಾಠವೇ. ನಿಜವಾದ ದಿನ ಕೈಕಾಲು ನಡುಗ್ತಾ ಇರುತ್ತಲ್ಲ, ಆಗ ಗಿಣಿಪಾಠವೇ ಕಾಪಾಡೋದು."

ನಾನು ಕೈ ಒರೆಸಿಕೊಂಡು ಚೀಲದಿಂದ ರೋವೀನಾ ಸತ್ತ ದಿನದ ದಾಖಲೆ ತೆಗೆದೆ. ಅದೂ ಗ್ಲೆನಿಸಳದೇ ಮುದ್ದಾದ ಅಕ್ಷರ. ಗ್ಲೆನಿಸ್ ಮೇಜಿನ ಮೇಲಿಟ್ಟಿದ್ದ ಪಾಠದ ಹಾಳೆಯನ್ನು ಅದರ ಪಕ್ಕಕ್ಕೆ ಎಳೆದುಕೊಂಡೆ. ಮೂರನೇ ನಿಮಿಷ, ಮೂವತ್ತಾರು ಪಾಯಿಂಟ್ ನಾಲ್ಕು. ಎರಡರಲ್ಲೂ ಅಷ್ಟೇ. ಐದನೇ ನಿಮಿಷ, ಮೂವತ್ತೈದು ಪಾಯಿಂಟ್ ಒಂಬತ್ತು. ಎರಡರಲ್ಲೂ ಅಷ್ಟೇ. ಒಟ್ಟು ಹದಿನಾಲ್ಕು ಅಂಕಿಗಳಿದ್ದವು. ಹದಿನಾಲ್ಕೂ ಒಂದೇ.

ಸತ್ತ ಹೆಂಗಸೊಬ್ಬಳು ರಬ್ಬರ್ ಗೊಂಬೆಯ ಪಾಠವನ್ನು ನಿಮಿಷ ನಿಮಿಷಕ್ಕೂ ತಪ್ಪದೆ ಒಪ್ಪಿಸುವುದು ಸಾಧ್ಯವಿಲ್ಲ. ನಾನು ತಲೆಯೆತ್ತಿದಾಗ ಗ್ಲೆನಿಸ್ ಅಲ್ಲಿರಲಿಲ್ಲ. ಟೀ ಇಡುತ್ತೇನೆ ಎಂದು ಒಳಗೆ ಹೋಗಿದ್ದಳು.

"ಡೆನ್ಜಿಲ್, ರೋವೀನಾಳ ದಿನದ ಅಂಕಿ ಈ ಡಬ್ಬಿಯಲ್ಲಿ ಇನ್ನೂ ಇದೆಯಾ?"

"ಇರಲ್ಲ. ಹೊಸದಾಗಿ ಶುರು ಮಾಡಿದ ಕೂಡಲೇ ಹಳೇದು ಅಳಿಸಿಹೋಗುತ್ತೆ."

"ಅಳಿಸಲ್ಲ," ಎಂದಿತು ಬಾಗಿಲ ಕಡೆಯಿಂದ ಒಂದು ಸ್ವರ.

ಆಂಬ್ರೋಸ್ ಪ್ಲಾಸ್ಕಿಟ್. ರೋವೀನಾಳ ಗಂಡ. ಅರವತ್ತಾರರ ಬಡಕಲು ಮನುಷ್ಯ, ಮೀನುಹಡಗುಗಳ ಶೀತಯಂತ್ರ ರಿಪೇರಿ ಮಾಡಿಕೊಂಡೇ ಬದುಕಿದವನು. ದಪ್ಪ ಚರ್ಮದ ಕೈಗವಸು ಹಾಕಿಕೊಂಡು ಪೆಟ್ಟಿಗೆಯ ಕೋಣೆಯಿಂದ ಬಂದಿದ್ದ. ಹನ್ನೊಂದು ದಿನದಿಂದ ಅವನು ಆ ಪೆಟ್ಟಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ನಿದ್ದೆ ಮಾಡುತ್ತಿದ್ದಾನೆ.

"ಅದು ನಾನು ಮಾಡಿದ್ದು, ಡೆನ್ಜಿಲ್. ಹಡಗಲ್ಲಿ ಮೀನು ಕೆಟ್ಟಾಗೆಲ್ಲ ಕ್ಯಾಪ್ಟನ್‌ಗಳು ಅಂಕಿ ಅಳಿಸಿ ನನ್ನ ತಲೆಗೆ ಕಟ್ಟೋರು. ಅದಕ್ಕೇ ಅಳಿಸೋಕೆ ಆಗದ ಹಾಗೆ ಮಾಡಿಟ್ಟೆ." ಅವನು ಕೈಗವಸು ಕಳಚಿ ಡಬ್ಬಿಯ ಗುಂಡಿಗಳನ್ನು ಒತ್ತಿದ. ಮುಖ ಮಾತ್ರ ಬೇರೆ ಕಡೆ ತಿರುಗಿಸಿಕೊಂಡಿದ್ದ. "ತಗೊಳ್ಳಿ. ನನಗೆ ತೋರಿಸಬೇಡಿ. ಆ ನಲವತ್ತೆರಡು ನಿಮಿಷ ಸಾಕು ನನಗೆ."

ಆ ನಲವತ್ತೆರಡು ನಿಮಿಷದ ಕಥೆ ನನಗೆ ಬಾಯಿಪಾಠವಾಗಿತ್ತು. ಐಸ್ ತರಲು ಬಂದರಿಗೆ ಹೋದ ಆಂಬ್ರೋಸ್ ಎರಡೂವರೆಗೆ ಮನೆಗೆ ಬಂದಾಗ ಹೆಂಡತಿಯ ಉಸಿರು ನಿಂತಿತ್ತು. ನರ್ಸ್ ಬಂದು ಸತ್ತಿದ್ದಾಳೆ ಎಂದು ಬರೆದುಕೊಟ್ಟದ್ದು ಮೂರು ಹನ್ನೆರಡಕ್ಕೆ. ಬರೆದುಕೊಡುವವರೆಗೆ ಯಾರೂ ಒಂದು ಐಸ್ ತುಂಡನ್ನೂ ಮೈಗೆ ತಾಗಿಸುವಂತಿಲ್ಲ, ಅದು ಕಾನೂನು. ಹತ್ತು ವರ್ಷ ಅಭ್ಯಾಸ ಮಾಡಿದ ತಂಡ ಮಂಚದ ಸುತ್ತ ಕೈ ಕಟ್ಟಿ ನಿಂತಿತ್ತು. ಅಷ್ಟು ಹೊತ್ತೂ ಅವಳ ತಲೆ ಬೆಚ್ಚಗೇ ಇತ್ತು, ಅವಳೊಳಗಿನ ಅವಳು ಕರಗಿಹೋದಳು ಎಂದು ಅವನ ಕೊರಗು.

ನಾನು ಡಬ್ಬಿಯ ಮುಖ ನೋಡಿದೆ. ತಾರೀಕು ಸರಿಯಿತ್ತು. ಸಮಯ ಮೂರು ಹದಿನೈದು, ಮೂರನೇ ನಿಮಿಷ.

ಮೂವತ್ತೊಂದು ಪಾಯಿಂಟ್ ಎರಡು.

"ಬ್ಯಾಟರಿ ಕೆಟ್ಟಿರಬೇಕು," ಎಂದ ಡೆನ್ಜಿಲ್.

ಅವನು ತೊಟ್ಟಿಯ ಆ ಕಡೆ ನಿಂತಿದ್ದ. ಡಬ್ಬಿಯ ಮುಖ ನನ್ನ ಎದೆಯ ಕಡೆಗಿತ್ತು. ನಾನು ಬಾಯಿ ತೆರೆದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದಿಂದ ನೋಡುತ್ತಿದ್ದೇನೆ. ಡಬ್ಬಿಯನ್ನು ಕೋಟಿನ ಜೇಬಿಗೆ ಸೇರಿಸಿದೆ.

ಆಂಬ್ರೋಸ್ ಪೆಟ್ಟಿಗೆಯ ಕೋಣೆಗೆ ಮರಳಿದ, ನಾನು ಹಿಂಬಾಲಿಸಿದೆ. ಅಲ್ಲಿ ಒಂದು ಕುರ್ಚಿ, ಒಂದು ಕಂಬಳಿ, ಒಂದು ಫ್ಲಾಸ್ಕ್, ಅಷ್ಟೇ. ಪೆಟ್ಟಿಗೆಯನ್ನು ಆಂಬ್ರೋಸನೇ ಮಾಡಿದ್ದ. ಪ್ಲೈವುಡ್ಡಿನ ಎರಡು ಪದರ, ನಡುವೆ ಚಳಿ ಸೋರದಂತೆ ಗೇಣುದಪ್ಪದ ಫೋಮ್ ಹಲಗೆ. ಮೂಲೆಗಳಲ್ಲಿ ತಿರುಪು ಕಾಣದಂತೆ ಮರದ ಹುಡಿ ತುಂಬಿ ಉಜ್ಜಿದ್ದ. ಮಗುವಿನ ತೊಟ್ಟಿಲನ್ನೂ ಅಷ್ಟು ಅಚ್ಚುಕಟ್ಟಾಗಿ ಮಾಡುವವರನ್ನು ನಾನು ಕಂಡಿಲ್ಲ.

ಸಾಕ್ಷ್ಯವನ್ನು ಶಂಕಿತರಿಗೆ ತೋರಿಸಬಾರದು. ಅದು ನಮ್ಮ ಕಚೇರಿಯ ಮೊದಲ ಪಾಠ. ಆಂಬ್ರೋಸ್‌ನ ಮುಖ ನೋಡಿಕೊಂಡು ಆ ಪಾಠ ಪಾಲಿಸುವುದು ನನ್ನಿಂದಾಗಲಿಲ್ಲ. ಅಲ್ಲದೆ ಒಂದು ಮಾತು ಹೇಳಿ ಮುಖ ಓದುವುದು ನನ್ನ ಹಳೆಯ ಅಭ್ಯಾಸ.

"ಆಂಬ್ರೋಸ್, ಮೂರನೇ ನಿಮಿಷದಲ್ಲಿ ಆಕೆ ಮೂವತ್ತೊಂದು ಡಿಗ್ರಿ ಇದ್ದರು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. ಆಮೇಲೆ ನಕ್ಕ. ಹನ್ನೊಂದು ದಿನದಲ್ಲಿ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಮೂವತ್ತೊಂದಾ? ಸರಿಯಾಗಿ ನೋಡಿದ್ರಾ?"

"ಮೂವತ್ತೊಂದು ಪಾಯಿಂಟ್ ಎರಡು."

"ಹಾಗಾದ್ರೆ ಬೆಚ್ಚಗಿರಲಿಲ್ಲ ಅವಳು. ತಲೆ ತಣ್ಣಗಿತ್ತು. ಆ ನಲವತ್ತೆರಡು ನಿಮಿಷವೂ ತಣ್ಣಗೇ ಇತ್ತು." ಅವನು ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಇಟ್ಟ. "ಕೇಳಿದ್ಯಾ ರೋ? ನಾನು ಸುಮ್ಮನೆ ಅತ್ತೆ ಕಣೇ."

ಈ ನಗು ನಾಟಕವಾದರೆ ಇಂಥ ನಾಟಕ ನಾನು ಈವರೆಗೆ ಕಂಡಿಲ್ಲ. ಐಸ್ ಇಟ್ಟವನು ಇವನಲ್ಲ ಎಂದು ನನ್ನ ಮನಸ್ಸು ಹೇಳಿತು. ಮನಸ್ಸಿನ ಮಾತನ್ನು ಕರೋನರ್ ಮುಂದೆ ಇಡಲಾಗುವುದಿಲ್ಲ, ಅದು ಬೇರೆ ವಿಷಯ.

"ಅಷ್ಟು ತಣ್ಣಗಾಗೋಕೆ ಎಷ್ಟು ಹೊತ್ತು ಬೇಕು?"

ಶೀತದ ಲೆಕ್ಕ ಅಂದ ಕೂಡಲೇ ಅವನು ಕೆಲಸಗಾರನಾದ. ಮುಚ್ಚಳದ ಮೇಲೆ ಕೂತಿದ್ದ ಹಿಮದ ಪುಡಿಯಲ್ಲಿ ಬೆರಳಿನಿಂದ ಗೀರುತ್ತಾ ಹೋದ. "ನೀರಿಲ್ಲ, ಪಂಪಿಲ್ಲ. ಬರೀ ತಲೆ ಸುತ್ತ ಐಸ್ ಚೀಲ. ಒಳಗೆ ರಕ್ತ ಓಡ್ತಾ ಇದ್ರೆ ಮೈ ಅದನ್ನ ಬಿಸಿ ಮಾಡ್ತಾನೇ ಇರುತ್ತೆ. ನಾನು ಎರಡೂವರೆಗೆ ಬಂದಾಗ ಚೀಲ ಇರಲಿಲ್ಲ. ಅಂದ್ರೆ ಅಷ್ಟರಲ್ಲಿ ತೆಗೆದಾಗಿತ್ತು. ಇಟ್ಟದ್ದು ಹನ್ನೆರಡೂವರೆಗೆ. ತಡ ಅಂದ್ರೆ ಒಂದು ಗಂಟೆಗೆ."

ಬೆರಳು ಅಲ್ಲೇ ನಿಂತಿತು.

"ಹನ್ನೆರಡೂ ಹತ್ತಕ್ಕೆ ನಾನು ಹೊರಟೆ," ಎಂದ. "ಹಣೆಗೆ ಮುತ್ತು ಕೊಟ್ಟೇ ಹೊರಟದ್ದು. ಕೂದಲು ಒಣಗಿತ್ತು."

"ನಿಮ್ಮನ್ನು ಐಸ್ ತರೋಕೆ ಕಳಿಸಿದ್ದು ಯಾರು?"

"ಡೆನ್ಜಿಲ್. ಅವರೆಲ್ಲ ಮೂರು ದಿನದಿಂದ ಬೀದಿ ಕೊನೇಲಿ ಆಂಬ್ಯುಲೆನ್ಸ್ ನಿಲ್ಲಿಸ್ಕೊಂಡು ಕಾಯ್ತಿದ್ರಲ್ಲ, ಅದರಲ್ಲಿದ್ದ ಐಸ್ ಕರಗಿತ್ತು. ಬಂದರಲ್ಲಿ ನನ್ನ ಕೈಗೆ ಬೇಗ ಕೊಡ್ತಾರೆ ಅಂದ. ಗ್ಲೆನಿಸ್ ಬರ್ತಾ ಇದ್ದಾಳೆ, ನೀನು ಹೊರಡು ಅಂದ. ಅವತ್ತು ನೋಡಿದ್ರೆ ಅಲ್ಲಿ ಉದ್ದಾನುದ್ದ ಸಾಲು."

ನಗು ಅವನ ಮುಖದಿಂದ ಇಳಿಯುತ್ತಾ ಬಂತು. ನಾನು ಹೇಳದಿದ್ದರೂ ಅವನಿಗೆ ತಿಳಿಯುತ್ತಿತ್ತು, ಲೆಕ್ಕ ಬಲ್ಲವನು. ಹನ್ನೆರಡೂವರೆಗೆ ಅವಳು ಸತ್ತಿದ್ದರೆ ಐಸ್ ಇಟ್ಟದ್ದು ಕೊಲೆಯಲ್ಲ, ಆದರೆ ಎದೆ ಒತ್ತುವ ಯಂತ್ರವಿಲ್ಲದೆ, ರಕ್ತ ಓಡದೆ ಎರಡೂವರೆ ಗಂಟೆ ಬಿದ್ದಿದ್ದ ತಲೆಯನ್ನು ಯಾವ ಕಾಲದ ವೈದ್ಯರೂ ಎಬ್ಬಿಸಲಾರರು. ಅವಳು ಬದುಕಿದ್ದರೆ ತಲೆ ಉಳಿದಿದೆ, ಆದರೆ ಸಾಯುತ್ತಿರುವವರ ತಲೆಗೆ ಐಸ್ ಕಟ್ಟಿ ಸಾವನ್ನು ಒಂದು ಗಂಟೆ ಮುಂಚೆ ತಂದರೂ ಕಾನೂನಿನ ಕಣ್ಣಿಗೆ ಅದು ಕೊಲೆ.

"ಕೊಲೆ ಅಂತಲೇ ಆಗಲಿ, ಹೆಸ್ಟರ್," ಎಂದ ಆಂಬ್ರೋಸ್ ಮೆಲ್ಲಗೆ. "ಅವಳು ಉಸಿರಾಡ್ತಿದ್ದಳು ಅಂತ ಯಾರಾದ್ರೂ ಹೇಳಲಿ. ನಾನು ಅವರ ಕಾಲಿಗೆ ಬೀಳ್ತೀನಿ."

"ಕೊಲೆಯಾದರೆ ಮರಣೋತ್ತರ ಪರೀಕ್ಷೆ ಆಗುತ್ತೆ."

"ಗೊತ್ತು."

"ಹಿಮ ಕರಗಿಸಿ, ತಲೆ ತೆರೆದು..."

"ಗೊತ್ತು ಅಂದೆನಲ್ಲ."

ಅತ್ತ ದರಿ ಇತ್ತ ಪುಲಿ. ಹೇಗೆ ಹೊರಳಿದರೂ ಅವನಿಗೆ ಅವಳಿಲ್ಲ. ಇಷ್ಟು ವರ್ಷ ಸಾವುಗಳ ನಡುವೆ ಓಡಾಡಿದವಳು ನಾನು, ಹೆಂಡತಿ ಕೊಲೆಯಾಗಿರಲಿ ಎಂದು ಬೇಡಿಕೊಳ್ಳುವ ಗಂಡನನ್ನು ಕಂಡಿರಲಿಲ್ಲ. ಇಲ್ಲೇ ಇರಿ ಎಂದು ಹೇಳಿ ಹೊರಬಂದೆ.

ಗ್ಲೆನಿಸ್ ಒಳಗಿನ ಅಡುಗೆಕೋಣೆಯಲ್ಲಿ ಪ್ಲಮ್ ಬ್ರೆಡ್ ಹೆಚ್ಚುತ್ತಿದ್ದಳು. ಪ್ರತಿ ತುಂಡಿಗೂ ಬೆಣ್ಣೆ, ಬೆಣ್ಣೆಯ ಮೇಲೆ ಚೀಸ್. ಕೆಟಲ್ ಕುದಿದು ತಣ್ಣಗಾಗುತ್ತಿತ್ತು, ಟೀ ಮಾಡಿರಲಿಲ್ಲ. ಮೂವತ್ತು ವರ್ಷ ನ್ಯಾಯಾಲಯದಲ್ಲಿ ಸಾಕ್ಷಿಗಳ ಮಾತು ಬರೆದುಕೊಂಡವಳು ಅವಳು. ಒಂದು ಕೆಮ್ಮನ್ನೂ ಬಿಡದೆ ಬರೆಯುತ್ತಾಳೆ ಎಂದು ವಕೀಲರು ಹೇಳುತ್ತಿದ್ದರು. ರೋವೀನಾಳಿಗೆ ಶಾಲೆಯ ದಿನದಿಂದ ಗೆಳತಿ.

ನಾನು ಬಾಗಿಲು ಎಳೆದುಕೊಂಡೆ.

"ಹದಿನಾಲ್ಕು ಅಂಕಿ, ಗ್ಲೆನಿಸ್."

"ಅಭ್ಯಾಸಬಲ," ಎಂದಳು, ಚಾಕು ನಿಲ್ಲಿಸದೆ. "ಬಾಯಿಗೆ ಬಂದುಬಿಡ್ತು."

"ಒಂದು ಬರುತ್ತೆ, ಎರಡು ಬರುತ್ತೆ. ಹದಿನಾಲ್ಕೂ ಬರಲ್ಲ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳದೇ ಇದ್ದದ್ದನ್ನ ಒಂದು ಸಲವಾದ್ರೂ ಬರೆದಿದ್ದೀರಾ?"

ಚಾಕು ನಿಂತಿತು.

"ಇಲ್ಲ."

"ಅವತ್ತು ಯಾಕೆ ಬರೆದ್ರಿ?"

ಅವಳು ಬೆರಳಿಗಂಟಿದ ಬೆಣ್ಣೆಯನ್ನು ಬಟ್ಟೆಗೆ ಒರೆಸಿದಳು. ಅದೇ ಬೆರಳನ್ನು ಎರಡನೇ ಸಲ ಒರೆಸಿದಳು. "ಡಬ್ಬಿಯಲ್ಲಿ ಮೂವತ್ತೊಂದು ಕಂಡಿತು. ಅದನ್ನ ಕೂಗಿ ಹೇಳಬೇಕಿತ್ತು. ಆಂಬ್ರೋಸ್ ಅಲ್ಲೇ ನಿಂತಿದ್ದ. ಕೇಳಿದ್ರೆ ಅಲ್ಲೇ ಲೆಕ್ಕ ಹಾಕಿಬಿಡ್ತಿದ್ದ. ಕೈಯಲ್ಲಿ ಪಾಠದ ಹಾಳೆ ಇತ್ತು. ಓದಿದೆ. ಎಲ್ಲರೂ ನನ್ನ ಹಿಂದೆ ಹೇಳಿದ್ರು. ಒಬ್ಬನಾದ್ರೂ ತಲೆಯೆತ್ತಿ ಡಬ್ಬಿ ನೋಡಲಿಲ್ಲ. ಹಾಗೇ ಅಲ್ವಾ ನಾವು ಅವರನ್ನ ತಯಾರು ಮಾಡಿರೋದು."

"ದಿಂಬು ಒದ್ದೆಯಾಗಿತ್ತು ಅಂತ ನರ್ಸ್ ಹೇಳಿದಳು."

"ತಿರುಗಿಸಿ ಹಾಕಿದೆ. ಎರಡೂ ಕಡೆ ಒದ್ದೆಯಾಗಿಬಿಟ್ಟಿತ್ತು."

"ಐಸ್ ಚೀಲ?"

"ಬಟ್ಟೆ ಒಗೆಯೋ ಮಿಷನ್ ಒಳಗೆ ತುರುಕಿದೆ. ಆಂಬ್ರೋಸ್ ವ್ಯಾನ್ ಸದ್ದು ಕೇಳ್ತು, ಬೇರೆ ಜಾಗ ಹೊಳೀಲಿಲ್ಲ."

"ಇಟ್ಟದ್ದು ಎಷ್ಟು ಹೊತ್ತಿಗೆ?"

"ನಾನು ಇಟ್ಟಿದ್ದಲ್ಲ." ಅವಳು ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು. "ಹನ್ನೆರಡೂ ನಲವತ್ತಕ್ಕೆ ನಾನು ಹೋದೆ. ಅಷ್ಟರಲ್ಲಿ ಇಟ್ಟಾಗಿತ್ತು. ನಾಲ್ಕು ಚೀಲ. ಮೇಲೆ ಟವೆಲ್ ಸುತ್ತಿ, ಗದ್ದದ ಕೆಳಗೆ ಪಿನ್ ಹಾಕಿದ್ರು."

ಹನ್ನೆರಡೂ ಹತ್ತರಿಂದ ಹನ್ನೆರಡೂ ನಲವತ್ತು. ಸಾಯುತ್ತಿರುವ ಹೆಂಗಸೊಬ್ಬಳ ಅರ್ಧ ಗಂಟೆ ಯಾರದೋ ಕೈಯಲ್ಲಿತ್ತು. ಹನ್ನೊಂದು ದಿನ ನಾನು ಆ ಅರ್ಧ ಗಂಟೆಯನ್ನು ಕಾಣದೆಯೇ ಓಡಾಡಿದ್ದೆ, ಯಾಕೆಂದರೆ ಆಗ ಮನೆಯಲ್ಲಿ ಗ್ಲೆನಿಸ್ ಇದ್ದಳು ಎಂದು ಆಂಬ್ರೋಸ್ ತಿಳಿದಿದ್ದ, ಗ್ಲೆನಿಸ್ ಬಾಯಿ ಬಿಟ್ಟಿರಲಿಲ್ಲ.

"ನೀವು ಹೋದಾಗ..." ಎಂದು ಶುರು ಮಾಡಿದೆ.

"ಉಸಿರಾಡ್ತಿದ್ದಳಾ, ಗ್ಲೆನಿ?"

ನಾನು ಎಳೆದುಕೊಂಡ ಬಾಗಿಲು ತೆರೆದಿತ್ತು. ಆಂಬ್ರೋಸ್ ಚೌಕಟ್ಟಿಗೆ ಒರಗಿ ನಿಂತಿದ್ದ. ಇಲ್ಲೇ ಇರಿ ಎಂದು ಹೇಳಿದರೆ ಇರುವ ಸ್ಥಿತಿಯಲ್ಲಿ ಅವನಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು.

"ನೀನು ಹೋಗು, ಆಂಬ್ರೋಸ್."

"ಅದೊಂದು ಹೇಳು. ಬೇರೇನೂ ಕೇಳಲ್ಲ. ಯಾರು ಇಟ್ರು, ಯಾಕೆ ಇಟ್ರು, ನೀನು ಯಾಕೆ ಬಚ್ಚಿಟ್ಟೆ, ಏನೂ ಕೇಳಲ್ಲ."

"ಬೇಡ ಕಣೋ."

"ನಲವತ್ತು ವರ್ಷ ನಮ್ಮನೇಲಿ ಊಟ ಮಾಡಿದ್ದೀಯ. ಅದಕ್ಕಾದ್ರೂ ಹೇಳು."

ಗ್ಲೆನಿಸ್ ಮೇಜಿನ ಅಂಚು ಹಿಡಿದುಕೊಂಡಳು. "ಉಸಿರಾಡ್ತಿದ್ದಳು," ಎಂದಳು.

ಆಂಬ್ರೋಸ್ ಕಣ್ಣು ಮುಚ್ಚಿದ. ಅವನ ಹೆಗಲು ಇಳಿಯಿತು. ಹನ್ನೊಂದು ದಿನ ಎತ್ತಿ ಹಿಡಿದಿದ್ದ ಏನನ್ನೋ ಕೆಳಗಿಟ್ಟವನಂತೆ ಕಂಡ. "ಹಾಗಾದ್ರೆ ಅವಳು ಇದ್ದಾಳೆ," ಎಂದ. "ರಕ್ತ ಓಡ್ತಿತ್ತು, ತಲೆ ತಣ್ಣಗಿತ್ತು. ಇದಕ್ಕಿಂತ ಚೆನ್ನಾಗಿ ನಾವು ಅಭ್ಯಾಸದಲ್ಲೂ ಮಾಡಿಲ್ಲ. ಬರೆದುಕೊಳ್ಳಿ, ಹೆಸ್ಟರ್. ನನ್ನನ್ನ ಹಿಡ್ಕೊಂಡು ಹೋಗಿ ಬೇಕಾದ್ರೆ, ಅವಳನ್ನ ಮಾತ್ರ ಕುಯ್ಯಬೇಡಿ. ಕರೋನರ್ ಕಾಲು ಹಿಡಿಯೋಣ, ಏನಾದ್ರೂ ದಾರಿ..."

"ಮಾತಾಡ್ತಿದ್ದಳು," ಎಂದಳು ಗ್ಲೆನಿಸ್.

ಅವಳು ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸುವುದು ಅವಳ ಜನ್ಮದ ಕೆಲಸ. ಒಂದು ಸಲ ಸುಳ್ಳು ಬರೆದು ಹನ್ನೊಂದು ದಿನ ಅದರಲ್ಲಿ ಬೆಂದಿದ್ದಳು.

"ಏನಂದಳು?" ಎಂದ ಆಂಬ್ರೋಸ್.

"ಇದನ್ನ ತೆಗಿ ಅಂದಳು."

"ಚಳಿ ಆಗ್ತಿದೆ, ಗ್ಲೆನಿ, ಇದನ್ನ ತೆಗಿ ಅಂದಳು. ನನಗೆ ಇದು ಯಾವತ್ತೂ ಬೇಕಿರಲಿಲ್ಲ, ಆಂಬ್ರೋಸ್ ಮುಖ ನೋಡಿ ಹೂಂ ಅಂದೆ, ಅವನಿಗೆ ಹೇಳು, ನನ್ನನ್ನ ಅಮ್ಮನ ಪಕ್ಕ ಮಣ್ಣು ಮಾಡಲಿ ಅಂದಳು. ಆಮೇಲೆ ಬರೀ ತೆಗಿ, ತೆಗಿ. ನಾಲ್ಕು ಸಲ. ನಾನು ಎಣಿಸಿದ್ದೀನಿ."

"ತೆಗೆದೆಯಾ?"

"ಕೈ ಹಿಡ್ಕೊಂಡೆ."

"ಐಸ್ ತೆಗೆದೆಯಾ, ಗ್ಲೆನಿ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಣ್ಣೀರು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. "ಅವಳು ಹಾಗೆಲ್ಲ ಅಂತಾಳೆ, ಔಷಧಿ ಮಂಪರು, ಕೇಳಬೇಡ ಅಂತ ನನಗೆ ಮೊದಲೇ ಹೇಳಿದ್ರು. ಪಾಠದಲ್ಲೂ ಅದೇ ಅಲ್ವಾ ಇರೋದು. ಕೊನೇ ಗಳಿಗೇಲಿ ಹೆದರ್ತಾರೆ, ಬೇಡ ಅಂತಾರೆ, ಎಚ್ಚರ ಇದ್ದಾಗ ಬರೆದುಕೊಟ್ಟ ಮಾತೇ ಮಾತು. ನಾವೆಲ್ಲ ಒಟ್ಟಿಗೆ ಹೇಳ್ತೀವಲ್ಲ ಅದನ್ನ, ಪಾಠದ ಪ್ರತಿ ಶನಿವಾರ. ನಾನೂ ಹೇಳಿದ್ದೀನಿ. ಎರಡು ಗಂಟೆ ಹೊತ್ತಿಗೆ ಸುಮ್ಮನಾದಳು. ನನಗೆ ಅಬ್ಬ ಅನ್ನಿಸ್ತು, ಆಂಬ್ರೋಸ್. ಇನ್ನು ಕೇಳಲ್ಲವಲ್ಲ ಅಂತ."

"ಯಾರು ಹೇಳಿದ್ರು ಕೇಳಬೇಡ ಅಂತ?" ಎಂದೆ. "ಗ್ಲೆನಿಸ್, ನನ್ನ ಕಡೆ ನೋಡಿ. ಅವತ್ತು ನಿಮಗೆ ಬಾಗಿಲು ತೆರೆದದ್ದು ಯಾರು?"

ಅವಳು ನನ್ನ ಕಡೆ ನೋಡಲಿಲ್ಲ. ನನ್ನ ಹಿಂದೆ ನೋಡುತ್ತಿದ್ದಳು. ನಾನು ತಿರುಗಿದೆ. ಚೌಕಟ್ಟು ಖಾಲಿಯಿತ್ತು. ಪಕ್ಕದ ಕೋಣೆಯಲ್ಲಿ ಪ್ಲೈವುಡ್ಡಿನ ಮುಚ್ಚಳ ಗೋಡೆಗೆ ಬಡಿದ ಸದ್ದಾಯಿತು.

ನಾನು ಓಡಿದೆ.

ಆಂಬ್ರೋಸ್ ಪೆಟ್ಟಿಗೆಗೆ ಬಗ್ಗಿ ಡ್ರೈ ಐಸಿನ ತುಂಡುಗಳನ್ನು ಎರಡೂ ಕೈಯಿಂದ ಎತ್ತಿ ಹಿಂದಕ್ಕೆ ಎಸೆಯುತ್ತಿದ್ದ. ಕೈಗವಸು ಕುರ್ಚಿಯ ಮೇಲಿತ್ತು. ಬಿಳಿ ಹೊಗೆ ಅವನ ಮೊಣಕಾಲು ದಾಟಿತ್ತು. ಬರಿಗೈಯಲ್ಲಿ ಅದನ್ನು ಮುಟ್ಟಿದರೆ ಸುಟ್ಟ ಹಾಗೆ ಚರ್ಮ ಏಳುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲೇ ಇಲ್ಲ.

"ತೆಗೀತಿದ್ದೀನಿ, ರೋ," ಎನ್ನುತ್ತಿದ್ದ. "ತೆಗೀತಿದ್ದೀನಿ, ಸ್ವಲ್ಪ ತಡಿ."

ಅವನನ್ನು ತಡೆಯಬೇಕು. ಆ ದೇಹ ಈಗ ಸಾಕ್ಷ್ಯ. ಗದ್ದದ ಕೆಳಗೆ ಪಿನ್ ಚುಚ್ಚಿದ ಗುರುತು, ರಕ್ತದೊಳಗೆ ಯಾರಾದರೂ ಕೊಟ್ಟಿರಬಹುದಾದ ಮಂಪರಿನ ಔಷಧಿ, ಎಲ್ಲವೂ ಆ ಚಳಿಯಲ್ಲೇ ಉಳಿದಿದೆ. ಅದು ಹೀಗೆ ಅಡ್ಡಾದಿಡ್ಡಿ ಕರಗಿದರೆ ನನ್ನ ಕೈಗೆ ಏನೂ ಸಿಗುವುದಿಲ್ಲ. ಆದರೆ ಅದೇ ದೇಹ ನಾಲ್ಕು ಸಲ ಬೇಡಿಕೊಂಡಿತ್ತು, ಕೇಳಿದವರಿಲ್ಲ. ಈಗ ಐದನೆಯ ಸಲವೂ ಅವಳ ಮಾತಿಗೆ ಅಡ್ಡ ನಿಲ್ಲಬೇಕಾದವಳು ನಾನು. ಈ ಕೆಲಸದ ಬಗ್ಗೆ ನನಗೆ ಅಷ್ಟು ಅಸಹ್ಯ ಹಿಂದೆ ಎಂದೂ ಆಗಿರಲಿಲ್ಲ.

ಡೆನ್ಜಿಲ್ ನನಗಿಂತ ಮೊದಲೇ ಬಂದು ಮೂಲೆಯಲ್ಲಿ ನಿಂತಿದ್ದ. ಎರಡೂ ಕೈ ಜೇಬಿನಲ್ಲಿ.

"ಹಿಡ್ಕೊಳ್ಳಿ ಅವರನ್ನ," ಎಂದೆ. "ಡೆನ್ಜಿಲ್, ಕೈ ಹೋಗುತ್ತೆ ಅವರದ್ದು."

ಅವನು ಬಂದ. ಆಂಬ್ರೋಸ್‌ನ ಕಡೆಗಲ್ಲ, ನನ್ನನ್ನು ದಾಟಿ ಬಾಗಿಲ ಕಡೆಗೆ ಹೋದ. ಓಡಿಬರುತ್ತಿದ್ದ ಗ್ಲೆನಿಸಳ ಮುಖಕ್ಕೆ ಬಾಗಿಲು ಹಾಕಿ, ಮೇಲಿನ ಚಿಲಕ, ಕೆಳಗಿನ ಚಿಲಕ ಎರಡನ್ನೂ ಎಳೆದ. ಡ್ರೈ ಐಸ್ ತೆರೆದಿರುವಾಗ ಆ ಕೋಣೆಯ ಬಾಗಿಲು ಮುಚ್ಚಬಾರದು, ಹೊಗೆ ತುಂಬಿದರೆ ಉಸಿರಾಡಲು ಗಾಳಿ ಇರುವುದಿಲ್ಲ. ಹೊಸಬರಿಗೆ ಹೇಳಿಕೊಡುವ ಮೊದಲ ನಿಯಮವೇ ಅದು. ಹೇಳಿಕೊಡುವವನು ಅವನೇ.

"ತೆಗೀಲಿ ಬಿಡಿ, ಮೇಡಂ," ಎಂದ, ಬಾಗಿಲಿಗೆ ಬೆನ್ನು ಕೊಟ್ಟು. "ಪೂರ್ತಿ ತೆಗೀಲಿ."

ಹೊರಗೆ ಗ್ಲೆನಿಸ್ ಬಾಗಿಲು ಬಡಿಯುತ್ತಿದ್ದಳು. ಹೊಗೆ ನನ್ನ ಸೊಂಟಕ್ಕೆ ಬಂದಿತ್ತು. ಆಂಬ್ರೋಸ್‌ಗೆ ಅದು ಯಾವುದೂ ಕೇಳಿಸುತ್ತಿರಲಿಲ್ಲ. ಅವನು ಬಿಳಿಚಿಹೋದ ಬೆರಳುಗಳಿಂದ ತನ್ನ ಉಣ್ಣೆಯ ಅಂಗಿಯ ಗುಂಡಿ ಬಿಚ್ಚಲು ನೋಡುತ್ತಿದ್ದ. ಬೆರಳು ಮಡಚುತ್ತಿರಲಿಲ್ಲ. ಕೊನೆಗೆ ಅದನ್ನು ತಲೆಯ ಮೇಲಿಂದ ಎಳೆದು ತೆಗೆದು, ಪೆಟ್ಟಿಗೆಯೊಳಗೆ ಹಾಸಿ, ಅಂಚುಗಳನ್ನು ಒಳಕ್ಕೆ ಸೇರಿಸಿದ.

ಆಮೇಲೆ ಮುಚ್ಚಿದ ಬಾಗಿಲನ್ನು ನೋಡಿ ತಲೆದೂಗಿದ.

"ಹಾಕಿದ್ದು ಒಳ್ಳೇದಾಯ್ತು, ಡೆನ್ಜಿಲ್," ಎಂದ. "ಅವಳಿಗೆ ಚಳಿಯಂತೆ."